ಬಾಯಿ ತುಂಬ ನೀರು

ಜೂನ್ 9, ಬೆಳಿಗ್ಗೆ 11

ಆರುನೂರ ಹನ್ನೆರಡು ಕುರ್ಚಿ ಒರೆಸಿದ್ದಾಯಿತು. ಮೂರಕ್ಕೆ ಕಾಲು ಅಲ್ಲಾಡುತ್ತದೆ, ಒಂದಕ್ಕೆ ಬೆನ್ನೇ ಇಲ್ಲ. ಪರದೆಯ ರಾಟೆಗೆ ಎಣ್ಣೆ ಬಿಟ್ಟೆ. ಎಳೆದರೆ ಇನ್ನೂ ಅಳುತ್ತದೆ. ಅಳಲಿ. ಕಾಲೇಜಿನ ಈ ಸಭಾಂಗಣಕ್ಕೆ ಅಟೆಂಡರ್ ಆಗಿ ಇಪ್ಪತ್ತು ವರ್ಷ — ಅದು ಅಳುವುದು, ನಾನು ಎಳೆಯುವುದು, ಇಬ್ಬರಿಗೂ ರೂಢಿ.

ಹೊಸಬರ ಓರಿಯೆಂಟೇಶನ್‌ಗೆ ಹದಿನೈದು ದಿನ. ಆಫೀಸಿನಿಂದ ಪುಸ್ತಿಕೆಯ ಕಟ್ಟು ಬಂತು. ‘ಮೊದಲ ದಿನ: ನಿಮಗಾಗಿ ಏನು ಕಾದಿದೆ?’ ಮುಖಪುಟದಲ್ಲಿ ನಗುವ ಹುಡುಗ ಹುಡುಗಿಯರು. ನಮ್ಮವರಲ್ಲ. ಅಷ್ಟೊಂದು ಹಲ್ಲು ನಮ್ಮ ಕಾಲೇಜಿನಲ್ಲಿ ಯಾರೂ ತೋರಿಸಿದ್ದಿಲ್ಲ. ಒಳಗೆ ದಪ್ಪಕ್ಷರ — ‘ಇಲ್ಲಿ ಪ್ರತಿಯೊಬ್ಬರ ದನಿಗೂ ಜಾಗವಿದೆ.’

ಏನು ಕಾದಿದೆ? ನನ್ನನ್ನು ಕೇಳಿ, ನಾನು ಹೇಳುತ್ತೇನೆ! ಒಂಬತ್ತೂವರೆ ಎಂದರೆ ಹತ್ತೂಕಾಲು. ಪ್ರಿನ್ಸಿಪಾಲರು ಮೈಕ್ ತಟ್ಟಿ ‘ಕೇಳಿಸ್ತಿದೆಯಾ?’ ಎನ್ನುವರು. ಹಿಂದಿನ ಸಾಲು ‘ಇಲ್ಲಾ’ ಎನ್ನುವುದು. ಕೇಳಿಸುತ್ತಲೇ ಇರುತ್ತದೆ. ‘ನೀವೆಲ್ಲ ಹಕ್ಕಿಗಳು, ಈ ಕಾಲೇಜು ಆಕಾಶ’ — ಇಪ್ಪತ್ತು ವರ್ಷದಿಂದ ಅದೇ ಹಕ್ಕಿ, ಅದೇ ಆಕಾಶ. ಲೈಬ್ರರಿ ಮೇಡಂ ಮೌನದ ಮಹತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುವರು. ಆಮೇಲೆ ‘ಪರಿಚಯ’. ಪ್ರಿನ್ಸಿಪಾಲರು ಸ್ವತಃ ಕಂಡುಹಿಡಿದ ಚಿತ್ರಹಿಂಸೆ. ಹೊಸಬರು ಒಬ್ಬೊಬ್ಬರಾಗಿ ವೇದಿಕೆ ಹತ್ತಬೇಕು, ಹೆಸರು ಹೇಳಬೇಕು, ಯಾಕೆ ಬಂದೆ ಎಂದು ಒಂದು ವಾಕ್ಯ ಹೇಳಬೇಕು.

ಇಷ್ಟು ವರ್ಷ ವೇದಿಕೆಯ ಪಕ್ಕದ ಮರೆಯಲ್ಲಿ, ವಿಂಗ್‌ನಲ್ಲಿ ನಿಂತು ನಕ್ಕಿದ್ದೇನೆ.

ಈ ಸಲದ ಲಿಸ್ಟ್ ಬಂತು. ಇನ್ನೂರ ಹತ್ತು ಜನ; ಹಳಬರೂ ಸೇರಿದರೆ ಸಭಾಂಗಣ ಭರ್ತಿ. ಎಂಬತ್ತೇಳನೆಯದು ನನ್ನ ಮಗಳ ಹೆಸರು.

ಜೂನ್ 10, ಸಂಜೆ

ಬಟ್ಟೆ ಮಡಚುತ್ತಿದ್ದವಳು ಕೇಳಿದಳು. “ಅಮ್ಮ, ಅಲ್ಲಿ ಏನೇನು ಮಾಡಿಸ್ತಾರೆ?”

ಕೇಳಬೇಕೇ! ನಾಟಕ ಕಂಪನಿಯ ಟ್ರಂಕುಗಳ ನಡುವೆ ಹುಟ್ಟಿ ಬೆಳೆದವಳು ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಪ್ರಿನ್ಸಿಪಾಲರಾದೆ. ಹಕ್ಕಿಯಾದೆ. ಆಕಾಶವಾದೆ. ಲೈಬ್ರರಿ ಮೇಡಂ ಆಗಿ ಮೂಗಿನ ತುದಿಗೆ ಕನ್ನಡಕ ಇಳಿಸಿದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂದಿನ ಕೋಣೆಯಲ್ಲೇ ಇವರ ಗಡಿಯಾರ ರಿಪೇರಿ ಅಂಗಡಿ; ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜಿನ ಸಮೇತ ಇವರೂ ಇತ್ತ ತಿರುಗಿದರು.

ಅದೇ ಹುರುಪಿನಲ್ಲಿ ‘ಪರಿಚಯ’ವನ್ನೂ ಆಡಿ ತೋರಿಸಿಬಿಟ್ಟೆ.

ನಗು ನಿಂತಿತು. ಕೈಯಲ್ಲಿದ್ದ ಟವೆಲ್ ಅರ್ಧ ಮಡಚಿದಂತೆಯೇ ಉಳಿಯಿತು.

“ಎಲ್ರೂ —” ಎಂದಳು. ಗಂಟಲು ಕಟ್ಟಿತು. ಕುತ್ತಿಗೆಯ ನರ ಎದ್ದಿತು.

“ಎಲ್ರೂ ಹತ್ಲೇಬೇಕಾ ಅಂತ ತಾನೆ? ಹೂಂ ಕಣೇ, ಎಲ್ರೂ,” ಎಂದೆ.

“ಅವಳು ಮುಗಿಸಲಿ ಬಿಡೇ,” ಎಂದರು ಇವರು.

“ಮುಗಿಸಿದೆನಲ್ಲ.”

“ನೀನು ಮುಗಿಸಿದೆ.”

ಮಾತು ಕಲಿತಾಗಿನಿಂದಲೇ ಉಗ್ಗು ಅವಳಿಗೆ. ಬುದ್ಧಿವಂತೆ, ಕಟ್ಟಿಕೊಳ್ಳುವ ಮಾತನ್ನು ಬಿಟ್ಟು ಪಕ್ಕದ ಮಾತನ್ನು ಹಿಡಿಯುತ್ತಾಳೆ. ನೀರು ಎನ್ನಲು ಬಾರದಿದ್ದರೆ ‘ಕುಡಿಯೋಕೆ ಕೊಡು’ ಎನ್ನುತ್ತಾಳೆ. ಹೆಸರಿಗೆ ಮಾತ್ರ ಪಕ್ಕದ ಮಾತಿಲ್ಲ. ಆ ಹೆಸರು ಇಟ್ಟವಳು ನಾನೇ. ನಾಯಕಿಯೊಬ್ಬಳು ಪರದೆ ಸರಿಸಿಕೊಂಡು ಬಂದ ಹಾಗಿರಬೇಕೆಂದು ಆರಿಸಿದ್ದು. ನಾಲ್ಕಕ್ಷರ. ಮೊದಲಕ್ಷರವೇ ಬಂಡೆ. ಹೊಟ್ಟೆಯಲ್ಲಿದ್ದಾಗಲೇ ಅವಳ ದಾರಿಗೆ ಬಂಡೆ ಉರುಳಿಸಿಟ್ಟ ಮಹಾತಾಯಿ!

ಜೂನ್ 12

ಉಪಾಯ ಹೂಡಿದೆ. ಲಿಸ್ಟ್ ನನ್ನ ಕೈಯಲ್ಲೇ ಇರುತ್ತದೆ. ಎಂಬತ್ತಾರಾದ ಮೇಲೆ ಎಂಬತ್ತೆಂಟು ಎಂದು ಕೂಗಿದರೆ ಯಾವ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಹೇಳಿದೆ. ಮುಖ ಅರಳುತ್ತದೆ ಎಂದುಕೊಂಡಿದ್ದೆ.

“ಬೇಡ,” ಎಂದಳು. ಆ ಮಾತು ಎಲ್ಲೂ ಕಟ್ಟಲಿಲ್ಲ.

“ಯಾಕೇ? ಆರುನೂರು ಜನದ ಮುಂದೆ —”

“ಸ್ಕೂಲಲ್ಲಿ ಹಾಜರಿಗೆ ನೀನು ಟೀಚರ್ ಹತ್ರ ಮಾತಾಡಿದೆ. ಕೈ ಎತ್ತಿದ್ರೆ ಸಾಕು ಅಂದ್ರು. ಬಸ್ಸಲ್ಲಿ ಟಿಕೆಟ್ ನೀನು ಕೇಳಿದೆ. ಅಂಗಡೀಲಿ ನೀನು. ಡಾಕ್ಟರ್ ಹತ್ರ ನನಗೆ ಎಲ್ಲಿ ನೋವು ಅಂತಾನೂ ನೀನೇ ಹೇಳಿದೆ.” ನಡುವೆ ಎರಡು ಕಡೆ ತಡೆಯಿತು. ಕಾಯ್ದಳು. ಮುಂದುವರಿಸಿದಳು. “ಅಲ್ಲಿ ನಾನೇ ಹೇಳ್ತೀನಿ. ನನ್ನ ಹೆಸರು. ಒಂದೇ ಒಂದ್ಸಲ.”

ಆಮೇಲೆ ಗೊತ್ತಾಯಿತು. ಅಪ್ಪ ಮಗಳು ಮೂರು ತಿಂಗಳಿನಿಂದ ಅಂಗಡಿಯಲ್ಲಿ ಕೂತು ಅಭ್ಯಾಸ ಮಾಡಿದ್ದಾರೆ. ನನಗೆ ಸುದ್ದಿಯೇ ಇಲ್ಲ! ಮಾತನ್ನು ನೂಕಬಾರದಂತೆ. ಬಾಯಿ ಸಡಿಲ ಬಿಟ್ಟು ಸುಮ್ಮನೆ ನಿಂತಿದ್ದರೆ ಅದಾಗಿಯೇ ಬರುತ್ತದಂತೆ.

“ಎಷ್ಟು ಹೊತ್ತು ನಿಲ್ಲಬೇಕು?” ಎಂದೆ.

“ಹನ್ನೊಂದು ಸೆಕೆಂಡ್,” ಎಂದರು ಇವರು. ಗಡಿಯಾರದವರಲ್ಲವೇ, ಲೆಕ್ಕ ಪಕ್ಕಾ.

ಹನ್ನೊಂದು! ವೇದಿಕೆಯ ಮೇಲೆ!

ಜೂನ್ 15, ಮಧ್ಯಾಹ್ನ, ಸಭಾಂಗಣ ಖಾಲಿ

ಅಪ್ಪ ಕಂಪನಿಯ ಪ್ರಾಂಪ್ಟರ್. ನಟ ಮಾತು ಮರೆತರೆ ಮರೆಯಲ್ಲಿ ನಿಂತು ಎತ್ತಿಕೊಡುವವನು. ಅಪ್ಪನದು ಒಂದೇ ಕಾನೂನು — ಮೂರು ಎಣಿಕೆ. ಒಂದು, ನಟ ನೆನಪಿಸಿಕೊಳ್ಳಲಿ. ಎರಡು, ದೇವರು ನೆನಪಿಸಲಿ. ಮೂರು, ನೀನು ಕೊಡು. ನಾಲ್ಕಕ್ಕೆ ಹೋದರೆ ರಂಗಕ್ಕೆ ಬೆಂಕಿ ಬಿದ್ದಂತೆ.

ನನಗೆ ಒಂಬತ್ತು ವರ್ಷ. ಅಪ್ಪನ ಕಾಲ ಬಳಿ ಕೂತಿದ್ದೆ. ರಾಜ ಸಿಂಹಾಸನದ ಮುಂದೆ ನಿಂತು ಮಾತು ಮರೆತ. ಅದೇ ಗಳಿಗೆಗೆ ಅಪ್ಪನಿಗೆ ಕೆಮ್ಮು ಹತ್ತಿತು. ಬಾಯಿಗೆ ಪಂಚೆಯ ತುದಿ ಒತ್ತಿಕೊಂಡು ಒದ್ದಾಡಿದ. ಆ ಮಾತು ನನಗೆ ಬಾಯಿಪಾಠ. ಆದರೆ ಮಕ್ಕಳು ವಿಂಗ್‌ನಲ್ಲಿ ತುಟಿ ಬಿಚ್ಚಬಾರದೆಂದು ಕಟ್ಟಪ್ಪಣೆ. ಬಿಚ್ಚಲಿಲ್ಲ. ನಾಲ್ಕು, ಐದು, ಆರು… ಶಿಳ್ಳೆ ಬಿತ್ತು. ಆಮೇಲೆ ಚಪ್ಪಲಿ.

ಮರುದಿನ ಬೆಳಿಗ್ಗೆ ಮಾಲೀಕ ಅಪ್ಪನ ಟ್ರಂಕನ್ನು ಹೊರಗಿಡಿಸಿದ. ಅಪ್ಪ ನನ್ನನ್ನು ಬೈಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ನೋಡಿಕೊಂಡು ಒಂದೇ ಮಾತು ಕೇಳಿದ. “ನಿನಗೆ ಗೊತ್ತಿತ್ತಲ್ವೇನೇ?”

ಆಮೇಲೆ ಬೇರೆ ಕಂಪನಿ ಸಿಕ್ಕಿತು, ದೊಡ್ಡವಳಾಗಿ ನಾನೂ ಬಣ್ಣ ಹಚ್ಚಿದೆ. ಆದರೆ ಅವತ್ತಿನಿಂದ ಯಾರ ಮಾತು ನಿಂತರೂ ನನ್ನ ನಾಲಿಗೆ ಕುದುರೆಯಂತೆ ನೆಗೆಯುತ್ತದೆ. ಬೀಗರ ಮಾತು, ಡಾಕ್ಟರ ಮಾತು, ಬಸ್ಸಿನಲ್ಲಿ ಪಕ್ಕ ಕೂತವರ ಮಾತು. ಎಲ್ಲಕ್ಕಿಂತ ಹೆಚ್ಚು, ಮಗಳದು. ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಜೂನ್ 19

ಒಪ್ಪಂದ ಮಾಡಿಸಿಕೊಂಡಳು. ಮೊದಲು ನಾನು ವಿಂಗ್‌ನಲ್ಲೇ ಇರಬಾರದೆಂದಳು. ಆಗದು, ಹಗ್ಗ, ಲಿಸ್ಟ್, ಹೂಗುಚ್ಛ ಎಲ್ಲ ನನ್ನ ಪಾಲಿನ ಕೆಲಸ.

“ಸರಿ. ಬಾಯಿ ಕಟ್ಕೊಂಡಿರು.”

“ಇರ್ತೀನಿ.”

“ನಿನ್ನ ಬಾಯಿ ನನಗೆ ಗೊತ್ತು ಅಮ್ಮ. ನೀರು ತುಂಬ್ಕೋ.”

“ಏನಂದೆ?”

“ನನ್ನ ನಂಬರ್ ಬಂದಾಗ ಬಾಯಿ ತುಂಬ ನೀರು ತುಂಬ್ಕೋ. ನಾನು ಕೆಳಗೆ ಇಳಿಯೋ ತನಕ ನುಂಗಬೇಡ.”

ಇವರು ಅಂಗಡಿಯಿಂದಲೇ ನಕ್ಕರು. “ಇಪ್ಪತ್ತು ವರ್ಷದ ಹಿಂದೆ ಯಾರಾದ್ರೂ ಈ ಉಪಾಯ ಹೇಳಿಕೊಟ್ಟಿದ್ರೆ ನಂದೂ ಒಂದೆರಡು ಮಾತು ಲೋಕಕ್ಕೆ ಕೇಳ್ತಿತ್ತು.”

ನಾನೂ ನಕ್ಕೆ. ಕೈಯ ಮೇಲೆ ಕೈ ಇಟ್ಟು ಆಣೆ ಮಾಡಿಕೊಟ್ಟೆ. ರಂಗದ ಮೇಲೆ ನೂರು ಆಣೆ ಮಾಡಿದವಳು. ಇದೊಂದು ನಿಜವಾದದ್ದು.

ಜೂನ್ 23, ಸಂಜೆ 5

ಖಾಲಿ ಸಭಾಂಗಣದಲ್ಲಿ ಒಮ್ಮೆ ನಿಂತು ನೋಡುತ್ತೇನೆಂದಳು. ಕರೆದುಕೊಂಡು ಹೋದೆ. ಮೈಕಿನವನು ತಂತಿ ಹಾಸುತ್ತಿದ್ದ. ಅವನ ಮೈಕ್ ಯಾವತ್ತೂ ಕುಂಯ್ ಎನ್ನುತ್ತದೆ. ಅದಕ್ಕೇ ಅವನ ಹೆಸರು ಕುಂಯ್. ಮಗಳಿಗೆ ಕುಂಯ್ ಮಾಮ.

“ಅಕ್ಕ, ನೀವು ಹೊರಗೆ,” ಎಂದ. “ಮಗಳ ಆರ್ಡರ್.”

ನನ್ನ ಸಭಾಂಗಣದಿಂದ ನನ್ನನ್ನೇ ಹೊರಗೆ ಹಾಕಿದರು! ಬಾಗಿಲಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಉಗುರು ಅಂಗೈಗೆ ಚುಚ್ಚುತ್ತಿತ್ತು. ಒಂಬತ್ತು… ಹತ್ತು…

ಆಮೇಲೆ ಬಂತು. ನಾಲ್ಕಕ್ಷರವೂ, ದುಂಡಗೆ, ಒಂದರ ಹಿಂದೆ ಒಂದು. ಅದರ ಹಿಂದೆಯೇ ವಾಕ್ಯ — “ಗಣಿತ ಓದೋಕೆ ಬಂದಿದ್ದೀನಿ, ಯಾಕಂದ್ರೆ ಅಲ್ಲಿ ಉತ್ತರ ಬರೋವರೆಗೆ ಕಾಯ್ತಾರೆ.”

ಯಾರು ಬರೆದುಕೊಟ್ಟರೆಂದು ಕೇಳಿದೆ. ಯಾರೂ ಅಲ್ಲವಂತೆ. ಅವಳದೇ. ನನಗೆ ಇಷ್ಟು ಒಳ್ಳೆಯ ಮಾತು ಯಾವ ನಾಟಕದಲ್ಲೂ ಸಿಕ್ಕಿರಲಿಲ್ಲ.

ಬಾಗಿಲ ಹೊರಗೇ ಅತ್ತುಬಿಟ್ಟೆ. ದನಿ ಮಾಡದೆ ಅಳುವುದು ನನಗೆ ಅಭ್ಯಾಸವಿಲ್ಲ. ಆದರೂ ಅತ್ತೆ.

ಜೂನ್ 24, ಬೆಳಿಗ್ಗೆ 6

ಮಗಳು ಎದ್ದಿದ್ದಾಳೆ. ನೀಲಿ ಅಂಗಿ ಇಸ್ತ್ರಿ ಮಾಡಿಕೊಂಡಳು. ಚಹಾ ಬೇಡವೆಂದಳು, ಆಮೇಲೆ ಕುಡಿದಳು. ನನ್ನ ಚೀಲದಲ್ಲಿ ನೀರಿನ ಬಾಟಲಿ ತಾನೇ ಇಟ್ಟಳು. ಮುಚ್ಚಳ ತಿರುಗಿಸಿ ಗಟ್ಟಿ ಇದೆಯೇ ಎಂದೂ ನೋಡಿದಳು.

ಪರದೆ ಏಳಲಿ!

ಜೂನ್ 24, ಸಂಜೆ

ಇವತ್ತು ಬರೆಯುವುದಿಲ್ಲ.

ಜೂನ್ 28

ಬರೆಯುತ್ತೇನೆ. ಯಾರಿಗಾದರೂ ಹೇಳಲೇಬೇಕು, ಮನೆಯಲ್ಲಿ ಕೇಳುವವರಿಲ್ಲ.

ಹತ್ತೂಕಾಲಿಗೆ ಶುರು. ಹಕ್ಕಿ, ಆಕಾಶ, ಎಲ್ಲ ಆಯಿತು. ಹನ್ನೆರಡಕ್ಕೆ ಪರಿಚಯ. ಒಬ್ಬೊಬ್ಬರು ಬಂದರು, ಹೋದರು. ಕೆಲವರು ಹೆಸರು ನುಂಗಿದರು, ಕೆಲವರು ಮೈಕನ್ನೇ ನುಂಗುವಂತೆ ಕೂಗಿದರು. ಎಂಬತ್ತಾರು ಇಳಿಯಿತು. ಎಂಬತ್ತೇಳು ಎಂದೆ. ಬಾಟಲಿ ತೆಗೆದು ಎರಡೂ ಕೆನ್ನೆ ಉಬ್ಬುವಷ್ಟು ನೀರು ತುಂಬಿಕೊಂಡೆ.

ಬಂದಳು. ಮೈಕಿನ ಮುಂದೆ ನಿಂತಳು. ಪಾದ ಎರಡೂ ಜೋಡಿಸಿ, ಭುಜ ಇಳಿಬಿಟ್ಟು, ಬಾಯಿ ಸಡಿಲವಾಗಿ. ಅಂಗಡಿಯಲ್ಲಿ ಕಲಿತ ಹಾಗೆಯೇ.

ಒಂದು. ಎರಡು. ಮೂರು.

ಸಭೆಗೆ ಗೊತ್ತಾಗಲಿಲ್ಲ. ನನ್ನ ಮೈ ಮಾತ್ರ ಬೆವತಿತು.

ನಾಲ್ಕು. ಪ್ರಿನ್ಸಿಪಾಲರು ತಲೆ ಎತ್ತಿದರು.

ಐದು. ಮೂರನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೈಕ್ ಸಣ್ಣಗೆ ಕುಂಯ್ ಎಂದಿತು.

ಆರು. “ಏನಮ್ಮ, ಹೆಸರು ಮನೇಲಿ ಬಿಟ್ಟು ಬಂದ್ಯಾ?” — ಒಬ್ಬ ಹುಡುಗ. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಿತು.

ಆ ನಗು ನನಗೆ ಪರಿಚಯದ್ದು. ಅದರ ಹಿಂದೆ ಶಿಳ್ಳೆ ಬರುತ್ತದೆ. ಶಿಳ್ಳೆಯ ಹಿಂದೆ ಚಪ್ಪಲಿ. ‘ನಿನಗೆ ಗೊತ್ತಿತ್ತಲ್ವೇನೇ?’

ಏಳಕ್ಕೆ ನೀರು ನುಂಗಿದೆ.

ಎಂಟಕ್ಕೆ ಅವಳ ಹೆಸರು ಹೇಳಿದೆ.

ಪಿಸುಗುಟ್ಟಿದ್ದರೂ ಆಗುತ್ತಿತ್ತು. ಇಲ್ಲ. ಕಂಪನಿಯ ಹೆಣ್ಣು! ಹೊಟ್ಟೆಯಿಂದ ಎತ್ತಿ, ಎದೆಯಲ್ಲಿ ಹೊರಳಿಸಿ, ನಾಯಕಿಯ ಪ್ರವೇಶಕ್ಕೆ ಕೂಗುವ ಹಾಗೆ ನಾಲ್ಕಕ್ಷರವನ್ನೂ ಎಳೆದು, ಕೊನೆಯ ಸಾಲಿನ ಗೋಡೆಗೆ ಅಪ್ಪಳಿಸಿದೆ. ಮೈಕೂ ಬೇಕಾಗಲಿಲ್ಲ.

ಆಮೇಲೆ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರು ಅವಳ ಮುಂದಿದ್ದ ಮೈಕ್ ತಮ್ಮತ್ತ ಎಳೆದುಕೊಂಡರು. “ಈ ವರ್ಷ ನಮ್ಮ ಕಾಲೇಜಿಗೆ ಅಶರೀರವಾಣಿಯೂ ಅಡ್ಮಿಷನ್ ತಗೊಂಡಿದೆ!” ಚಪ್ಪಾಳೆ. ನನ್ನ ಬದುಕಿನಲ್ಲಿ ಬಿದ್ದ ಅತಿ ದೊಡ್ಡ ಚಪ್ಪಾಳೆ ಅದು.

ಮಗಳು ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಇಳಿದು ಹೋದಳು. ಗಣಿತದ ವಾಕ್ಯ ಹಾಗೆಯೇ ಉಳಿಯಿತು.

ಲಿಸ್ಟ್ ನೋಡಿ ಎಂಬತ್ತೆಂಟು ಎಂದೆ. ಅದನ್ನೂ ಹೇಳಿದೆ ನೋಡಿ. ಕೆಲಸ ನಿಲ್ಲಲಿಲ್ಲ.

ಜುಲೈ 1

ಮಗಳು ನನ್ನೊಡನೆ ಮಾತು ಬಿಟ್ಟು ಎಂಟು ದಿನ. ಜಗಳವಿಲ್ಲ, ಮುನಿಸಿನ ಮುಖವೂ ಇಲ್ಲ. ತಟ್ಟೆ ತಾನೇ ತೊಳೆದಿಡುತ್ತಾಳೆ. ಬೇಕಾದ್ದಕ್ಕೆ ಚೀಟಿ. ‘ಸೋಪು ಮುಗಿದಿದೆ.’ ‘ಸಂಜೆ ತಡ.’ ಅಕ್ಷರ ಮುತ್ತಿನಂತೆ. ಎಲ್ಲೂ ಕಟ್ಟಿಕೊಳ್ಳುವುದಿಲ್ಲ.

ಅಪ್ಪನೊಡನೆ ಮಾತಾಡುತ್ತಾಳೆ. ಅಂಗಡಿಯ ಬಾಗಿಲು ಓರೆ ಮಾಡಿಕೊಂಡು.

ಕಾಲೇಜಿನ ಮೆಟ್ಟಿಲ ಬಳಿ ಇಬ್ಬರು ಹುಡುಗರು ನನ್ನ ದನಿಯನ್ನು ಅಣಕಿಸುತ್ತಿದ್ದರು. ಅದೇ ಎಳೆತ, ಅದೇ ಅಬ್ಬರ, ಅವಳ ಹೆಸರು. ಇವಳು ಪುಸ್ತಕ ಎದೆಗೆ ಒತ್ತಿಕೊಂಡು ದಾಟಿಹೋದಳು. “ಅಶರೀರ, ನಿನ್ನ ದನಿ ಎಲ್ಲಿ ಬಿಟ್ಟೆ?” ಎಂದನೊಬ್ಬ.

ಕಂಬದ ಮರೆಯಲ್ಲಿದ್ದೆ. ಅವರ ವಂಶವನ್ನೇ ಜಾಲಾಡಿಸುವಷ್ಟು ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡೆ. ಇನ್ನೊಮ್ಮೆ ಕೂಗಿದರೆ ಅವರಿಗೆ ಇನ್ನೊಂದು ವರ್ಷದ ಸರಕು.

ನನ್ನ ಬಾಯಿ ಮುಚ್ಚಿಸಲು ಎಂಟು ದಿನ ತಡವಾಗಿ ಬುದ್ಧಿ ಬಂತು.

ಜುಲೈ 4

ಮೂರು ದಿನದಿಂದ ಕಾಲೇಜಿಗೆ ಹೋಗಿಲ್ಲ. ಇವತ್ತು ಮೇಜಿನ ಮೇಲೆ ಒಂದು ಫಾರಂ. ಪ್ರವೇಶ ರದ್ದು. ಹನ್ನೆರಡನೇ ತಾರೀಖು ಕೊನೆಯ ದಿನ. ಪೋಷಕರ ಸಹಿ ಎನ್ನುವಲ್ಲಿ ಖಾಲಿ.

ಇವರನ್ನು ಕೇಳಿದೆ. “ಮನೇಲೇ ಕೂತು ಓದಿ ಪರೀಕ್ಷೆ ಕಟ್ತಾಳಂತೆ,” ಎಂದರು. “ಕ್ಲಾಸಿಲ್ಲ, ಹಾಜರಿ ಇಲ್ಲ, ಮಾತಿಲ್ಲ.”

“ನೀವು ಏನಂದ್ರಿ?”

“ಬೇಡ ಅಂದೆ. ಹನ್ನೆರಡರವರೆಗೂ ಯೋಚನೆ ಮಾಡು, ಆಮೇಲೂ ಬೇಕು ಅಂದ್ರೆ ಸಹಿ ಹಾಕಿಕೊಡ್ತೀನಿ ಅಂದೆ.”

“ಹಾಗೆ ಹೇಗ್ರೀ ಬಿಡೋದು! ಅವಳಿಗೆ ಬರ್ತಿತ್ತು! ಖಾಲಿ ಹಾಲಲ್ಲಿ ನಾನೇ ಕೇಳಿದ್ದೀನಲ್ಲ!”

ಇವರು ಭೂತಗಾಜು ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ವರ್ಷದಲ್ಲಿ ನನ್ನೊಡನೆ ಮಾತಾಡಲು ಅದನ್ನು ತೆಗೆದದ್ದು ಇದೇ ಮೊದಲು.

“ಖಾಲಿ ಹಾಲಲ್ಲಿ ಬರುತ್ತೆ ಅಂತ ಅವಳಿಗೂ ಗೊತ್ತು. ಜನದ ಮುಂದೆ ಬರ್ತಿತ್ತೋ ಇಲ್ವೋ ಅಂತ ನೋಡೋಕೆ ತಾನೆ ಹತ್ತಿದ್ದು? ಏನಂದಳು ಗೊತ್ತಾ? ‘ಅಪ್ಪ, ನನ್ನ ಬಾಯಿಂದ ದನಿ ಬಂತೋ, ಬರೀ ತುಟಿ ಆಡಿತೋ ಗೊತ್ತಿಲ್ಲ. ಅಮ್ಮನ ದನಿಯೊಳಗೆ ನನಗೆ ನಾನೇ ಕೇಳಿಸ್ಲಿಲ್ಲ’ ಅಂದಳು.”

ಮತ್ತೆ ಗಾಜು ಸಿಕ್ಕಿಸಿಕೊಂಡರು. ಮುಳ್ಳು ಜೋಡಿಸತೊಡಗಿದರು.

ಇನ್ನೊಂದು ವಿಷಯ. ಬರೆಯಲು ನಾಚಿಕೆ. ಮನೆಯಲ್ಲೇ ಉಳಿಯುತ್ತಾಳೆ ಎಂದಾಗ ಎದೆಯ ಮೂಲೆಯಲ್ಲೆಲ್ಲೋ ಹಾಯೆನಿಸಿತು. ಬಸ್ಸಿನಲ್ಲಿ ನಾನೇ ಟಿಕೆಟ್ ಕೇಳಬಹುದು. ಡಾಕ್ಟರಿಗೆ ನಾನೇ ಹೇಳಬಹುದು. ಒಂದೇ ಗಳಿಗೆ. ಆದರೂ ಅನಿಸಿತು. ತೆರೆಮರೆಯ ಖಳನಾಯಕಿಗೆ ಮೀಸೆ ಇರಲೇಬೇಕೆಂದೇನೂ ಇಲ್ಲ.

ಜುಲೈ 9, ಮಧ್ಯಾಹ್ನ

ಕುಂಯ್ ಕರೆದ. ಸಭಾಂಗಣದ ಹಿಂದಿನ ಅವನ ಗೂಡಿಗೆ. ಕಾರ್ಯಕ್ರಮವನ್ನೆಲ್ಲ ರೆಕಾರ್ಡ್ ಮಾಡಿ ಆಫೀಸಿಗೆ ಕೊಡುವುದು ಅವನ ಕೆಲಸ.

“ಅಕ್ಕ, ಬೈಬೇಡಿ. ಹದಿನೈದು ದಿನದಿಂದ ಹೇಳ್ಬೇಕು ಹೇಳ್ಬೇಕು ಅಂತ…”

“ಹೇಳು ಮಾರಾಯ.”

“ಅವತ್ತು ಅವಳು ಸುಮ್ಮನೆ ನಿಂತಾಗ ಮೈಕ್ ಕುಂಯ್ ಅಂತಲ್ಲ, ನಾನು ಸ್ಪೀಕರ್ ತಗ್ಗಿಸಿಬಿಟ್ಟೆ. ಸಭೆಗೆ ಹೋಗೋ ಸೌಂಡ್ ಮಾತ್ರ. ರೆಕಾರ್ಡಿಂಗ್ ಲೈನ್ ಬೇರೆ. ಅದು ಫುಲ್ ಇತ್ತು.” ಹೆಡ್‌ಫೋನ್ ನನ್ನ ಕೈಗಿಟ್ಟ. “ಕೇಳಿ.”

ಕಿವಿಗೆ ಹಾಕಿಕೊಂಡೆ. ಮೌನ. ಉಸಿರು — ಅವಳದು, ಹತ್ತಿರದಲ್ಲಿ, ನನ್ನ ಕುತ್ತಿಗೆಗೆ ತಾಗುವಷ್ಟು ಹತ್ತಿರ. ಕಿಸಕ್ಕೆಂಬ ನಗು ದೂರದಲ್ಲಿ. ಆ ಹುಡುಗನ ಕೊಂಕು. ಇನ್ನೊಂದು ಉಸಿರು.

ಆಮೇಲೆ ಎರಡು ದನಿ. ಒಟ್ಟಿಗೆ. ದೂರದಿಂದ ಗುಡುಗುವುದು ನನ್ನದು. ಹತ್ತಿರದಲ್ಲಿ, ಸಣ್ಣಗೆ, ಸ್ಪಷ್ಟವಾಗಿ — ಮೊದಲಕ್ಷರ, ಬಂಡೆ, ದಾಟಿತು. ಎರಡನೆಯದು ಬಂತು. ಮೂರನೆಯದರಲ್ಲಿ ನಿಂತಿತು.

ಉಗ್ಗಿಗೆ ನಿಂತದ್ದಲ್ಲ. ನನಗೆ ನಿಂತದ್ದು.

ಮನೆಯಲ್ಲಿ ಹನ್ನೊಂದು ಬೇಕಿದ್ದವಳಿಗೆ ಆರುನೂರು ಜನದ ಮುಂದೆ ಎಂಟೇ ಸಾಕಾಗಿತ್ತು. ನಾನು ಇನ್ನೊಂದು ಎಣಿಕೆ, ಒಂದೇ ಒಂದು, ಬಾಯಲ್ಲಿ ನೀರಿಟ್ಟುಕೊಂಡಿದ್ದರೆ!

ಐದು ಸಲ ಕೇಳಿದೆ. ಆರನೆಯದಕ್ಕೆ ಕುಂಯ್ ಹೆಡ್‌ಫೋನ್ ಕಿತ್ತುಕೊಂಡ.

“ಆಫೀಸಿಗೆ ಕೊಡೋ ಕಾಪೀಲಿ ಇಷ್ಟು ಭಾಗ ತೆಗೆದುಬಿಟ್ಟಿದ್ದೀನಿ. ಇದನ್ನೂ ಅಳಿಸಿಬಿಡ್ಲಾ ಅಕ್ಕ? ಯಾರಿಗೂ ಗೊತ್ತಾಗಲ್ಲ.”

ಯಾರಿಗೂ ಗೊತ್ತಾಗುವುದಿಲ್ಲ. ತಾಯಿ ಪಾಪ, ಮಗಳ ಮಾನ ಉಳಿಸಲು ಹೋದಳು ಎಂದು ಉಳಿಯುತ್ತದೆ. ಅಷ್ಟೇ.

“ಫೋನಿಗೆ ಹಾಕಿಕೊಡು,” ಎಂದೆ.

ಜುಲೈ 10

ಬೆಳಿಗ್ಗೆ ಕೊಡಬೇಕೆಂದಿದ್ದೆ. ಸ್ನಾನಕ್ಕೆ ಹೋದಳು. ಆಮೇಲೆ ಊಟ. ಆಮೇಲೆ ಮಲಗಿದಳು. ನೆಪಗಳಿಗೇನು ಬರ.

ಇದು ಅವಳಿಗೆ ಸಿಕ್ಕರೆ ಎರಡು ಗೊತ್ತಾಗುತ್ತದೆ. ಅವಳಿಗೆ ಬಂದಿತ್ತು ಎಂಬುದು ಒಂದು. ಬಂದದ್ದನ್ನು ಕೊಂದವಳು ಯಾರು ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಕತ್ತರಿಸಿ ಕೊಡಲಾಗುತ್ತದೆಯೇ ಎಂದು ಕುಂಯ್‌ಗೆ ಫೋನ್ ಮಾಡಿದೆ. “ನಿಮ್ಮ ದನಿ ಇಲ್ಲದಿರೋ ಜಾಗ ಎಲ್ಲೂ ಇಲ್ಲ ಅಕ್ಕ, ಅವಳದರ ಮೇಲೇ ಕೂತಿದೆ,” ಎಂದ.

ಅವನು ಧ್ವನಿಯ ಬಗ್ಗೆ ಹೇಳಿದ್ದು. ನನಗೆ ಅವಳ ಹದಿನೆಂಟು ವರ್ಷವೂ ಕೇಳಿಸಿತು.

ಜುಲೈ 11, ಮಧ್ಯಾಹ್ನ 3

ಕೊಟ್ಟೆ. ಫೋನ್, ಇಯರ್‌ಫೋನ್, ಅದರ ಕೆಳಗೆ ಚೀಟಿ. ನಾನೂ ಚೀಟಿಗೆ ಇಳಿದೆ. ‘ನಿನ್ನ ದನಿ ಬಂದಿತ್ತು. ನಾನು ಮುಚ್ಚಿದೆ. ಕೇಳು. ಆಮೇಲೆ ಫಾರಂ ತಂದರೆ, ನಿನಗೆ ಬೇಕಿದ್ದರೆ, ನಾನೇ ಸಹಿ ಹಾಕುತ್ತೇನೆ.’

ನಾಲ್ಕು ಸಲ ಬರೆದು ಹರಿದೆ. ಮೊದಲನೆಯದು ಒಂದು ಪುಟವಿತ್ತು. ಅಪ್ಪ, ಕಂಪನಿ, ಚಪ್ಪಲಿ, ಕಣ್ಣೀರು, ಎಲ್ಲ ಅದರಲ್ಲಿ. ಓದಿ ನೋಡಿದರೆ ಅಲ್ಲೂ ನಾನೇ ಮಾತಾಡುತ್ತಿದ್ದೇನೆ.

ಕೋಣೆಯ ಬಾಗಿಲು ಹಾಕಿಕೊಂಡಳು. ಇವರು ಅಂಗಡಿಯಿಂದ ಎದ್ದು ಬಂದು ನನ್ನ ಪಕ್ಕ ಕೂತರು. ಗೋಡೆಯ ಮೇಲೆ ಗಿರಾಕಿಗಳ ಹನ್ನೆರಡು ಗಡಿಯಾರ. ಒಂದೊಂದೂ ಒಂದೊಂದು ಸಮಯ ತೋರಿಸುತ್ತದೆ.

ಜುಲೈ 11, ಸಂಜೆ 5

ಇನ್ನೂ ಬಾಗಿಲು ತೆರೆದಿಲ್ಲ. ಒಮ್ಮೆ ಕುರ್ಚಿ ಸರಿದ ಸದ್ದಾಯಿತು. ಇವರು ಗಿರಾಕಿ ಬಂದರೆಂದು ಅಂಗಡಿಗೆ ಎದ್ದು ಹೋದರು. ನಾನು ಅಡಿಗೆಮನೆಯ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಲೋಟ ನೀರು. ಯಾಕೆ ಇಟ್ಟುಕೊಂಡೆನೋ

ತೆರೆಯಿತು.

ಎದುರಿಗೆ ಬಂದು ನಿಂತಿದ್ದಾಳೆ. ಒಂದು ಕೈಯಲ್ಲಿ ಫೋನ್. ಇನ್ನೊಂದರಲ್ಲಿ ಫಾರಂ. ಹರಿದಿಲ್ಲ. ಕಣ್ಣು ಕೆಂಪಗಿದೆ.

“ಅಮ್ಮ, ನಾನು —” ಎಂದಳು. ಕಟ್ಟಿತು.

ನರ ಎದ್ದಿದೆ. ಭುಜ ಇಳಿಬಿಟ್ಟಳು. ಪಾದ ಜೋಡಿಸಿದಳು.

ಬಾಯಿ ತುಂಬ ನೀರು ತುಂಬಿಕೊಂಡೆ. ಕೈಗೂ ಕೆಲಸ ಕೊಟ್ಟಿದ್ದೇನೆ, ಬರೆಯುತ್ತಿದ್ದೇನೆ. ನಾಳೆಯಿಂದ ಹೋಗ್ತೀನಿ ಎನ್ನುವಳೋ. ನಿನ್ನನ್ನು ಸಾಯೋವರೆಗೂ ಕ್ಷಮಿಸಲ್ಲ ಎನ್ನುವಳೋ. ಎರಡೂ ನನಗೆ ಬಾಯಿಪಾಠ. ಯಾವುದನ್ನೂ ಎತ್ತಿಕೊಡುವುದಿಲ್ಲ.

ಐದು. ಆರು. ಏಳು.

ಎಂಟು.

ಒಂಬತ್ತು. ನೀರು ಬಾಯಲ್ಲೇ ಇದೆ.

ಹತ್ತು.

ಹನ್ನೊಂದು ದಾಟಿತು. ದಾಟಲಿ. ಹನ್ನೆರಡು. ತುಟಿ ಅಲ್ಲಾಡಿತು. ಪೆನ್ನು ಕೆಳಗಿಡುತ್ತೇನೆ, ಕೇಳಬೇಕು.